ಕೊಟ್ಟಿಗೆಯ ಮಮತೆಯೂ ಮನೆಯ ಲೆಕ್ಕವೂ



ಒಕ್ಕಲು ಮನೆಯಲ್ಲಿ ದನವೆಂಬದು ಬರೀ ಸೊತ್ತಲ್ಲ. ಅದಕ್ಕೆ ನಾವು ಹೆಸರಿಟ್ಟಿರುತ್ತೇವೆ. ಕೆಂಪಿ ಎಂದು ಕೂಗಿದರೆ ತಲೆಯೆತ್ತಿ ನೋಡುತ್ತದೆ. ಮನೆಯ ಮಕ್ಕಳು ಅದರ ಹಾಲು ಕುಡಿದು ಬೆಳೆದಿದ್ದಾರೆ. ಅದರ ಹೊಟ್ಟೆಯಲ್ಲಿ ಹುಟ್ಟಿದ ಎತ್ತು ಎಳೆದ ನೇಗಿಲಿನಿಂದ ಕಣಕ್ಕೆ ಭತ್ತ ಬಂದಿದೆ. ಆದರೂ ಅದೇ ದನವು ಮನೆಯ ಬಂಡವಾಳವೂ ಆಗಿದೆ. ಮಮತೆಯೂ ಲಾಭವೂ ಒಂದೇ ಕೊಟ್ಟಿಗೆಯಲ್ಲಿ ಹೇಗೆ ಇರಬಹುದೆಂದು ಈ ಪಾಠದಲ್ಲಿ ವಿಚಾರಿಸೋಣ.

ಮಮತೆಯೊಂದನ್ನೇ ನೋಡುವವನು ಯಾವದನ್ನೂ ಮಾರದೆ ಕೊಟ್ಟಿಗೆಯನ್ನು ತುಂಬಿಸಿ, ಎಲ್ಲವನ್ನೂ ಅರೆಹೊಟ್ಟೆಯಲ್ಲಿಡುತ್ತಾನೆ. ಲಾಭವೊಂದನ್ನೇ ನೋಡುವವನು ಹಾಲು ನಿಂತ ದಿವಸವೇ ಹಗ್ಗ ಬಿಚ್ಚಿ ದನವನ್ನು ಅಡವಿಗೆ ಅಟ್ಟುತ್ತಾನೆ. ಇಬ್ಬರ ದನವೂ ಹಸಿದೇ ಇರುತ್ತದೆ. ಯಾಕಂದರೆ ಇಬ್ಬರೂ ಗೋದಲಿಯನ್ನು ನೋಡಲಿಲ್ಲ. ದನದ ಮೇಲಿನ ಪ್ರೀತಿಯನ್ನು ಅಳೆಯುವ ಕೊಳಗವು ಗೋದಲಿಯೇ ಎಂಬದು ನಮ್ಮ ಈ ಪಾಠದ ಸಾರವು.

೧. ಅಡವಿಯು ಮೊದಲಿನಂತಿಲ್ಲ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳಲ್ಲಿ ಹಿರಿಯರು ಅಡವಿಯ ಬಲದಿಂದಲೇ ದನ ಸಾಕಿದರು. ಗೌಳಿ ಜನರು ಎಮ್ಮೆಗಳ ದೊಡ್ಡ ಹಿಂಡುಗಳನ್ನು ಕಾಡಿನಲ್ಲಿ ಮೇಯಿಸಿ, ಬೆಣ್ಣೆ ತುಪ್ಪಗಳನ್ನು ಊರುಗಳಲ್ಲಿ ಮಾರಿ ಜೀವಿಸಿದರು. ಮೇವಿಗೆ ಕ್ರಯವಿಲ್ಲದಿದ್ದಾಗ ಹತ್ತು ದನವಿದ್ದವನು ಐದು ಇದ್ದವನಿಗಿಂತ ಅನುಕೂಲಸ್ಥನೆಂದು ಎಣಿಸಿದರೆ ತಪ್ಪೇನೂ ಇರಲಿಲ್ಲ.

ಈಗ ಆ ಲೆಕ್ಕವು ಕೆಟ್ಟಿದೆ. ದಾಂಡೇಲಿಯ ವನ್ಯಧಾಮವು ೧೯೫೬ರಲ್ಲಿಯೂ ಅಣಶಿಯ ರಾಷ್ಟ್ರೀಯ ಉದ್ಯಾನವು ೧೯೮೭ರಲ್ಲಿಯೂ ಸ್ಥಾಪಿಸಲ್ಪಟ್ಟವು. ಇವೆರಡೂ ೨೦೦೭ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, ೨೦೧೫ರಲ್ಲಿ ಕಾಳಿ ನದಿಯ ಹೆಸರನ್ನು ಪಡೆದವು. ಸೂಪಾ ಅಣೆಕಟ್ಟಿನ ನೀರಿನಡಿಯಲ್ಲಿ ಹಳೆಯ ಸೂಪಾ ಊರೂ ಅದರ ಸುತ್ತಲಿನ ಹಳ್ಳಿಗಳೂ ಗೋಮಾಳಗಳೂ ಮುಳುಗಿದವು. ಹೀಗೆ ಮೇಯುವ ನೆಲವು ಕಡಿಮೆಯಾಯಿತು. ದನಗಳ ಸಂಖ್ಯೆಯ ಕುರಿತಾದ ನಮ್ಮ ಹೆಮ್ಮೆಯು ಮಾತ್ರ ಕಡಿಮೆಯಾಗಲಿಲ್ಲ.

೨. ಒಡಲ ಪಾಲೂ ಹಾಲಿನ ಪಾಲೂ

ದನವು ತಿಂದ ಮೇವಿನಲ್ಲಿ ಮೊದಲನೆಯ ಪಾಲು ಅದರ ಒಡಲಿಗೇ ಸಲ್ಲುತ್ತದೆ. ಉಸಿರಾಟ, ನಡೆದಾಟ, ಮೈಯ ಕಾವು ಇವೆಲ್ಲವೂ ಅದರಿಂದ ನಡೆಯಬೇಕು. ಒಡಲಿನ ಸಾಲ ತೀರಿದ ಮೇಲೆ ಮಿಕ್ಕದ್ದೇ ಹಾಲಾಗುತ್ತದೆ. ಈ ಒಂದು ಮಾತನ್ನು ತಿಳಿದವನಿಗೆ ಅರ್ಧ ಪಶುಪಾಲನೆಯು ತಿಳಿದಂತೆ.

ದೃಷ್ಟಾಂತಕ್ಕಾಗಿ, ಮೂರು ಹಸುಗಳಿಗೆ ತಕ್ಕಷ್ಟು ಮೇವುಳ್ಳ ಒಬ್ಬನು ಐದು ಹಸುಗಳನ್ನು ಕಟ್ಟಿದನೆಂದು ಭಾವಿಸೋಣ. ಅವನು ಮಮತೆಯಿಂದ ಎಲ್ಲವಕ್ಕೂ ಸಮವಾಗಿ ಹಂಚುತ್ತಾನೆ. ಆಗ ಮೇವು ಬಹುಮಟ್ಟಿಗೆ ಐದು ಒಡಲುಗಳ ಪಾಲಿಗೇ ಮುಗಿದು, ಹಾಲಿಗೆ ಉಳಿಯುವದು ಅತ್ಯಲ್ಪ. ಬಡಕಲಾದ ಹಸುವು ಬೆದೆಗೂ ಬಾರದು. ಗಬ್ಬ ಕಟ್ಟದ ವರುಷವು ಪೂರಾ ನಷ್ಟದ ವರುಷವೇ. ಮೂರನ್ನು ಕಟ್ಟಿದ ನೆರೆಯವನು ಅದೇ ಮೇವಿನಿಂದ ಹಾಲನ್ನೂ ಕರುವನ್ನೂ ಪಡೆಯುತ್ತಾನೆ.

ಆದದರಿಂದ ಸುಗ್ಗಿ ಮುಗಿದ ಕೂಡಲೆ ಹುಲ್ಲಿನ ಬಣವೆಯನ್ನು ಅಳೆಯಬೇಕು. ಸುಮಾರು ೩೫೦ ಕಿಲೋ ತೂಕದ ಹಸುವಿಗೆ ದಿನಕ್ಕೆ ೫ರಿಂದ ೬ ಕಿಲೋ ಒಣ ಹುಲ್ಲೂ ೧೫ರಿಂದ ೨೦ ಕಿಲೋ ಹಸಿ ಮೇವೂ ಬೇಕು. ಅಂದರೆ ವರುಷಕ್ಕೆ ಒಣ ಹುಲ್ಲೇ ಹತ್ತಿರ ೨ ಟನ್. ಹಿಂಡಿಯ ವಿಷಯದಲ್ಲಿ, ಒಡಲ ಪಾಲಿಗೆ ೧ರಿಂದ ೧.೫ ಕಿಲೋ, ಅದರ ಮೇಲೆ ಹಸುವಿನ ಪ್ರತಿ ೨.೫ ಲೀಟರ್ ಹಾಲಿಗೂ ಎಮ್ಮೆಯ ಪ್ರತಿ ೨ ಲೀಟರ್ ಹಾಲಿಗೂ ೧ ಕಿಲೋದಂತೆ ಕೊಡುವದು ವಾಡಿಕೆಯು. ಹಳಿಯಾಳದ ಕಡೆ ಕಬ್ಬಿನ ಸೋಗೆಯನ್ನು ಬಹಳವಾಗಿ ಹಾಕುತ್ತಾರೆ. ಸೋಗೆಯಲ್ಲಿಯೂ ಭತ್ತದ ಹುಲ್ಲಿನಲ್ಲಿಯೂ ಇರುವ ಆಕ್ಸಲೇಟ್ ಎಂಬ ಅಂಶವು ದನದ ಮೈಗೆ ಸೇರತಕ್ಕ ಸುಣ್ಣದ ಸತ್ವವನ್ನು ಹಿಡಿದಿಡುತ್ತದೆ. ಇವನ್ನೇ ತಿನ್ನುವ ದನಗಳಿಗೆ ದಿನಕ್ಕೆ ೩೦ರಿಂದ ೫೦ ಗ್ರಾಂ ಖನಿಜ ಮಿಶ್ರಣವನ್ನು ತಪ್ಪದೆ ಕೊಡತಕ್ಕದ್ದು.

೩. ನೆಲಕ್ಕೆ ತಕ್ಕ ಜಾತಿ

ದೊಡ್ಡ ಕೆಚ್ಚಲನ್ನು ಕಂಡು ಸಾಲ ಮಾಡಿ ಸೀಮೆಹಸುವನ್ನು ತರುವವರು ಅನೇಕರು. ಹಸಿ ಮೇವು, ನೀರು, ಹತ್ತಿರದಲ್ಲಿ ಹಾಲಿನ ಡೇರಿ, ಕರೆದಾಗ ಬರುವ ಪಶುವೈದ್ಯ ಇವು ನಾಲ್ಕೂ ಇದ್ದರೆ ಅದು ಒಳ್ಳೇದೇ. ಇವುಗಳಲ್ಲಿ ಎರಡು ಇಲ್ಲದ ಜೋಯಿಡಾದ ಒಳಹಳ್ಳಿಯಲ್ಲಿ ಅದೇ ಹಸುವು ಸಾಲವನ್ನು ಉಳಿಸಿ ತಾನು ಸಾಯುವದು. ನಮ್ಮ ಮಲೆನಾಡು ಗಿಡ್ಡ ದಿನಕ್ಕೆ ೧ರಿಂದ ೩ ಲೀಟರ್ ಮಾತ್ರ ಕೊಟ್ಟರೂ ಸ್ವಲ್ಪದರಲ್ಲಿ ತೃಪ್ತಿಪಡುತ್ತದೆ. ಈ ಸೀಮೆಯ ಮಳೆಯನ್ನೂ ಉಣ್ಣೆಗಳ ಕಾಟವನ್ನೂ ತಾಳುತ್ತದೆ. ಈ ಗಿಡ್ಡ ಹಸುವಿಗೆ ದೊಡ್ಡ ಮೈಯ ಜಾತಿಯ ವೀರ್ಯವನ್ನು ಹಾಕಿಸುವದು ವಿವೇಕವಲ್ಲ. ಹೆರಿಗೆಯು ಕಷ್ಟವಾಗಿ ತಾಯಿಯೂ ಕರುವೂ ಅಪಾಯಕ್ಕೆ ಒಳಗಾದಾವು. ಧಾರವಾಡದ ಮಗ್ಗುಲಲ್ಲಿರುವ ಹಳಿಯಾಳ ಮುಂಡಗೋಡಗಳ ಬಯಲು ಹಳ್ಳಿಗಳವರು ಧಾರವಾಡಿ ಎಮ್ಮೆಯನ್ನು ಮರೆಯಬಾರದು. ಡೇರಿಯಲ್ಲಿ ಹಾಲಿನ ಕ್ರಯವು ಜಿಡ್ಡಿನ ಅಂಶವನ್ನು ನೋಡಿ ಗೊತ್ತಾಗುವದರಿಂದ, ಲೀಟರ್ ಕಡಿಮೆಯಾದರೂ ಎಮ್ಮೆಯ ಹಾಲಿಗೆ ಹೆಚ್ಚು ಹಣ ಬರುತ್ತದೆ.

೪. ಕಣ್ಣಿನಲ್ಲಿರುವ ಪ್ರೀತಿ

ಮಮತೆಯು ಲಾಭಕ್ಕೆ ವೈರಿಯೆಂದು ಕೆಲವರು ಹೇಳುತ್ತಾರೆ. ಹಾಗಲ್ಲ, ಕಣ್ಣಿಟ್ಟು ನೋಡುವ ಮಮತೆಯೇ ಲಾಭದ ತಾಯಿಯು. ಹಸುವು ಸುಮಾರು ೨೧ ದಿವಸಕ್ಕೊಮ್ಮೆ ಬೆದೆಗೆ ಬರುತ್ತದೆ. ಒಂದು ಬೆದೆಯನ್ನು ಕಾಣದೆ ಬಿಟ್ಟರೆ ೨೧ ದಿವಸದ ಮೇವು ವ್ಯರ್ಥವಾಯಿತು. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಯಿಸಬೇಕು. ಎಮ್ಮೆಯಾದರೋ ಬೆದೆಯನ್ನು ಅಷ್ಟಾಗಿ ತೋರಿಸುವದಿಲ್ಲ. ರಾತ್ರಿಯಲ್ಲಿಯೂ ನಸುಕಿನಲ್ಲಿಯೂ ಕೊಟ್ಟಿಗೆಗೆ ಹೋಗಿ ನೋಡುವವರಿಗೆ ಮಾತ್ರ ತಿಳಿಯುವದು.

ಕರು ಹುಟ್ಟಿದ ಒಂದು ತಾಸಿನೊಳಗೆ ಅದಕ್ಕೆ ಗಿಣ್ಣದ ಹಾಲನ್ನು ಕುಡಿಸಬೇಕು. ರೋಗವನ್ನು ತಡೆಯುವ ಶಕ್ತಿಯು ಅದರಲ್ಲಿಯೇ ಇದೆ. ಗಿಣ್ಣವನ್ನೆಲ್ಲ ನೆಂಟರ ಮನೆಗಳಿಗೆ ಹಂಚಿ ಕರುವನ್ನು ಮರೆಯುವದು ಮಮತೆಯೂ ಅಲ್ಲ, ಲೆಕ್ಕವೂ ಅಲ್ಲ. ಗಬ್ಬದ ಹಸುವನ್ನು ಈಯುವದಕ್ಕೆ ೬೦ ದಿವಸ ಮುಂಚೆ ಬತ್ತಿಸಬೇಕು. ಕಾಲುಬಾಯಿ ರೋಗದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸಬೇಕು. ೨೦೨೨ರಲ್ಲಿ ಚರ್ಮಗಂಟು ರೋಗವು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಹಬ್ಬಿ ಅನೇಕ ಕೊಟ್ಟಿಗೆಗಳನ್ನು ಬರಿದುಮಾಡಿದ್ದನ್ನು ಯಾರೂ ಮರೆತಿರಲಾರರು.

ಇಲ್ಲಿ ಗೃಹಸ್ಥರಿಗೆ ಒಂದು ಮಾತು. ಮೇವು ಹಾಕುವವರೂ ಸಗಣಿ ಬಾಚುವವರೂ ಹಾಲು ಕರೆಯುವವರೂ ಹೆಚ್ಚಾಗಿ ಮನೆಯ ಹೆಂಗಸರು; ಕೊಳ್ಳುವ ಮಾರುವ ಮಾತಾಡುವವರು ಗಂಡಸರು. ಯಾವ ಹಸುವು ತಿಂದದ್ದನ್ನು ಹಾಲಾಗಿ ಕೊಡುತ್ತದೆ, ಯಾವದು ಕೊಡುವದಿಲ್ಲವೆಂಬದನ್ನು ಕರೆಯುವವಳೇ ಬಲ್ಲಳು. ಅವಳನ್ನು ಕೇಳದೆ ಸಂತೆಗೆ ಹಗ್ಗ ಹಿಡಿದು ಹೊರಡುವವನು ಮಮತೆಯನ್ನೂ ಕಳೆದುಕೊಳ್ಳುವನು, ಹಣವನ್ನೂ ಕಳೆದುಕೊಳ್ಳುವನು.

೫. ಮುದಿ ದನದ ಸಾಲ

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಗೆ ಬರುತ್ತೇವೆ. ದುಡಿದು ಮುದಿಯಾದ ಎತ್ತನ್ನೂ ಗೊಡ್ಡು ಬಿದ್ದ ಹಸುವನ್ನೂ ಏನು ಮಾಡಬೇಕು? ನಮ್ಮ ರಾಜ್ಯದ ೧೯೬೪ರ ಕಾಯಿದೆಯು ೧೨ ವರುಷ ಮೀರಿದ ಎತ್ತು ಎಮ್ಮೆಗಳನ್ನು ಅಧಿಕಾರಿಯ ಪ್ರಮಾಣಪತ್ರದ ಮೇರೆಗೆ ವಧೆಗೆ ಬಿಡುತ್ತಿತ್ತು. ೨೦೨೧ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯು ಹಸು, ಎತ್ತು, ಹೋರಿ, ಕರುಗಳ ವಧೆಯು ಯಾವ ವಯಸ್ಸಿನಲ್ಲಿಯೂ ಕೂಡದೆಂದೂ, ಎಮ್ಮೆ ಕೋಣಗಳಿಗೆ ಮಾತ್ರ ೧೩ ವರುಷ ಮೀರಿರಬೇಕೆಂದೂ ವಿಧಿಸಿತು. ಹಳೆಯ ಎತ್ತನ್ನು ಮಾರಿದ ಹಣಕ್ಕೆ ಸ್ವಲ್ಪ ಕೂಡಿಸಿ ಹೊಸ ಎತ್ತನ್ನು ಕೊಳ್ಳುತ್ತಿದ್ದ ರೂಢಿಗೆ ಇದರಿಂದ ತಡೆಯಾಯಿತು.

ಆಗ ಕೆಲವರು ರಾತ್ರಿಯಲ್ಲಿ ದನವನ್ನು ಅಡವಿಯ ಅಂಚಿಗೆ ಬಿಟ್ಟುಬರುತ್ತಾರೆ. ತಾವು ಕೊಲ್ಲಲಿಲ್ಲವೆಂದು ಮನಸ್ಸನ್ನು ಸಮಾಧಾನಪಡಿಸುತ್ತಾರೆ. ಆದರೆ ಹುಲಿ ಚಿರತೆಗಳಿರುವ ಕಾಡಿನಲ್ಲಿ ಕಟ್ಟಿ ಸಾಕಿದ ಮುದಿ ದನವು ಎಷ್ಟು ದಿವಸ ಬದುಕೀತು? ಬದುಕಿದರೆ ನೆರೆಯವನ ಗೋವಿನಜೋಳಕ್ಕೆ ನುಗ್ಗುವದು. ಅವನ ಬೆಳೆಯ ನಷ್ಟಕ್ಕೆ ನಾವೇ ಕಾರಣರು. ಮೋಶೆಯ ಧರ್ಮಶಾಸ್ತ್ರವು ವಾರದ ವಿಶ್ರಾಂತಿಯನ್ನು ಎತ್ತಿಗೂ ಸಲ್ಲಿಸಿದೆ. ವಾರಕ್ಕೊಮ್ಮೆ ವಿಶ್ರಾಂತಿಗೆ ಹಕ್ಕುಳ್ಳ ಪ್ರಾಣಿಗೆ ಮುಪ್ಪಿನಲ್ಲಿ ಒಂದು ಹಿಡಿ ಹುಲ್ಲಿಗೆ ಹಕ್ಕಿಲ್ಲವೋ?

ಈ ಸಾಲವನ್ನು ತೀರಿಸುವ ಉಪಾಯವು ದನ ಹಾಲು ಕೊಡುತ್ತಿರುವಾಗಲೇ ಆರಂಭವಾಗಬೇಕು. ತಿಂಗಳಿಗೆ ಎರಡು ದಿವಸದ ಹಾಲಿನ ಹಣವನ್ನು ಬೇರೆ ಇಡಿರಿ. ದಿನಕ್ಕೆ ೬ ಲೀಟರ್ ಕೊಡುವ ಹಸುವು ವರುಷದಲ್ಲಿ ೧೦ ತಿಂಗಳು ಕರೆದರೆ ೨೦ ದಿವಸದ ಹಣವು ಕೂಡುತ್ತದೆ. ೬ ವರುಷಕ್ಕೆ ೧೨೦ ದಿವಸದ, ಅಂದರೆ ೭೨೦ ಲೀಟರ್ ಹಾಲಿನ ಹಣವಾಯಿತು. ಮುದಿ ಹಸುವಿನ ಒಂದು ದಿನದ ಮೇವಿಗೆ ಒಂದು ಲೀಟರ್ ಹಾಲಿನ ಕ್ರಯ ಬೀಳುವದೆಂದು ಹಿಡಿದರೆ, ಹತ್ತಿರ ಎರಡು ವರುಷದ ಮೇವನ್ನು ಅದು ತಾನೇ ದುಡಿದಿಟ್ಟಂತಾಯಿತು. ಅದಲ್ಲದೆ ಅದರ ಸಗಣಿ ಗಂಜಲಗಳು ಕೊನೆಯ ವರೆಗೂ ಗದ್ದೆಗೆ ಬರುತ್ತವೆ. ಗೊಬ್ಬರವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯದವನಿಗೆ ಮುದಿ ದನವು ಬರೀ ಹೊರೆಯಾಗಿ ತೋರುವದು. ಬರೆದವನಿಗೆ ಹಾಗೆ ತೋರದು. ಮಿಕ್ಕ ಹೊರೆಯನ್ನು ತಗ್ಗಿಸುವ ನೆಟ್ಟನೆಯ ದಾರಿಯೊಂದೇ: ಮೊದಲೇ ಕಡಿಮೆ ಸಾಕುವದು. ಹೆಚ್ಚಾದ ಎಳೆಯ ಪಡ್ಡೆಗಳನ್ನು, ಅವು ಇನ್ನೂ ಬೇಡಿಕೆಯಲ್ಲಿರುವಾಗ, ಸಾಕುವಾತನ ಕೊಟ್ಟಿಗೆಯನ್ನು ನೋಡಿಕೊಂಡು ಕೊಡುವದು ನಿರ್ದಯೆಯಲ್ಲ. ಮೇವಿಲ್ಲದ ಮನೆಯಲ್ಲಿ ಕಟ್ಟಿಕೊಂಡಿರುವದೇ ನಿರ್ದಯೆಯು.

ಮನೆಯವರೆಲ್ಲರೂ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಬಣವೆಯ ಹುಲ್ಲು ಎಷ್ಟು ದನಗಳಿಗೆ ಮುಂದಿನ ಸುಗ್ಗಿಯ ವರೆಗೆ ಸಾಕಾಗುವದು? ಕಟ್ಟಿರುವವು ಎಷ್ಟು?

೨. ಪ್ರತಿಯೊಂದು ಹಸುವು ಕಳೆದ ಸಾರಿ ಈದ ದಿನ, ಬೆದೆಗೆ ಬಂದ ದಿನ, ಹಾಯಿಸಿದ ದಿನ ಇವುಗಳನ್ನು ಬರೆದಿಟ್ಟಿದ್ದೇವೋ?

೩. ಹಾಲು ಕರೆಯುವವಳ ಅಭಿಪ್ರಾಯವನ್ನು ಕೇಳಿ ಕೊಂಡ ಅಥವಾ ಮಾರಿದ ದನ ಯಾವದು? ಕೇಳದೆ ಮಾಡಿದ್ದು ಯಾವದು?

೪. ನಮ್ಮ ಕೊಟ್ಟಿಗೆಯಲ್ಲಿ ಎಲ್ಲಕ್ಕಿಂತ ಮುದಿಯಾದ ದನ ಯಾವದು? ಅದರ ಮುಪ್ಪಿಗಾಗಿ ಈ ತಿಂಗಳು ಏನು ಎತ್ತಿಟ್ಟಿದ್ದೇವೆ?