ಹೊಟ್ಟೆ ಸರಿಯಾದರೆ ಮರೆವು ಹೋಗುತ್ತದೆಯೇ?

ಟಿ. ನರಸೀಪುರದಿಂದ ಒಬ್ಬರು ತಮ್ಮ ತಾಯಿಯನ್ನು ನಂಜನಗೂಡಿನ ನನ್ನ ದವಾಖಾನೆಗೆ ಕರೆತಂದಿದ್ದರು. "ಡಾಕ್ಟರ್ ಸಾಬ್, ಅಮ್ಮಿಗೆ ನಾಲ್ಕು ದಿನವಾದರೂ ಹೊಟ್ಟೆ ಹೋಗುವುದಿಲ್ಲ, ಏನಾದರೂ ಕೊಡಿ" ಎಂದರು. ತಾಯಿಗೆ 68 ವರ್ಷ. ನಾಡಿ ಹಿಡಿದು, ಹೊಟ್ಟೆ ಮುಟ್ಟಿ ನೋಡಿ, ರಾತ್ರಿ ಮಲಗುವಾಗ ತೆಗೆದುಕೊಳ್ಳಲು ಇತ್ರೀಫಲ್ ಬರೆದುಕೊಟ್ಟೆ. ಆ ಹತ್ತು ನಿಮಿಷದಲ್ಲಿ ಅವರು "ನಿಮ್ಮದು ಯಾವ ಊರು ಬೇಟಾ?" ಎಂದು ಮೂರು ಸಲ ಕೇಳಿದರು. ಮೂರು ಸಲವೂ ನಗುತ್ತಾ ಉತ್ತರ ಹೇಳಿದೆ. ಚೀಟಿಯಲ್ಲಿ ಮಾತ್ರ ಅದನ್ನು ಬರೆದುಕೊಳ್ಳಲಿಲ್ಲ. ತಪ್ಪು ನನ್ನದೇ.

ನಾಲ್ಕು ತಿಂಗಳಾದ ಮೇಲೆ ಮತ್ತೆ ಬಂದರು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರಂತೆ. ನಮಾಜಿನಲ್ಲಿ ರಕಅತ್ ಲೆಕ್ಕ ತಪ್ಪುತ್ತದೆ. ಝುಹರ್ ಮುಗಿಸಿ ಅರ್ಧ ಗಂಟೆಗೆ ಮತ್ತೆ ವುಝೂ ಮಾಡಿ ಝುಹರ್‌ಗೆ ನಿಲ್ಲುತ್ತಾರೆ. ಬಂಧುಗಳಲ್ಲಿ ಕೆಲವರು ವಯಸ್ಸಾಯಿತು ಎಂದರು, ಕೆಲವರು ನಜರ್ ಎಂದರು. ಮಗನ ಕೈಯಲ್ಲಿ ಒಂದು ಡಬ್ಬಿ ಇತ್ತು. ಮೊಬೈಲಿನಲ್ಲಿ ವಿಡಿಯೋ ನೋಡಿ ತರಿಸಿದ ಪುಡಿ. ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚಿಸಿದರೆ ಅಲ್ಝೈಮರ್ ವಾಸಿಯಾಗುತ್ತದೆ ಎಂದು ಅದರಲ್ಲಿ ಹೇಳಿದ್ದರಂತೆ. ಇದು ಎರಡನೆಯ ಡಬ್ಬಿ. "ಇದು ನಿಜವೇ ಸಾಬ್?" ಎಂದು ಕೇಳಿದರು. ಈ ಪ್ರಶ್ನೆಯನ್ನು ಈಗ ಹಲವರು ಕೇಳುತ್ತಿದ್ದಾರೆ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ಬಗ್ಗೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯೊಂದಕ್ಕೆ 51 ವರ್ಷದ ಮಹಿಳೆಯೊಬ್ಬರು ದಾಖಲಾದರು. ತನ್ನ ಹೆಸರನ್ನೇ ಬರೆಯಲಾಗದೆ ತಡವರಿಸುತ್ತಿದ್ದರು. ಅವರನ್ನು ನೋಡಿದ ವೈದ್ಯ ಅಲೋಯಿಸ್ ಅಲ್ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಎರಡು ಬದಲಾವಣೆ ಕಂಡವು. ಒಂದು, ಜೀವಕೋಶಗಳ ನಡುವೆ ಕೂತಿರುವ ಗಸಿಯಂಥ ಗಂಟುಗಳು. ಇದನ್ನು ಈಗ ಅಮಿಲಾಯ್ಡ್ ಎನ್ನುತ್ತೇವೆ. ಇನ್ನೊಂದು, ಕೋಶಗಳ ಒಳಗೇ ಸಿಕ್ಕುಗಟ್ಟಿದ ದಾರದಂಥ ಎಳೆಗಳು. ಅದು ಟೌ ಎಂಬ ಪ್ರೋಟೀನ್. ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಈ ಗಸಿ ಶೇಖರವಾಗತೊಡಗುತ್ತದೆ.

ಇದು ಪಟ್ಟಣದವರ, ಓದಿದವರ ಕಾಯಿಲೆ ಎಂದು ನಮ್ಮಲ್ಲಿ ಒಂದು ನಂಬಿಕೆಯಿದೆ. ದೇಶಾದ್ಯಂತ ನಡೆದ ಸಮೀಕ್ಷೆಯ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಡಿಮೆನ್ಷಿಯಾ ಎಂಬುದು ಬುದ್ಧಿಶಕ್ತಿ ಕುಗ್ಗುವ ಸ್ಥಿತಿಗೆ ಇರುವ ಸಾಮಾನ್ಯ ಹೆಸರು; ಅದರಲ್ಲಿ ಹೆಚ್ಚು ಕಾಣುವ ಬಗೆ ಅಲ್ಝೈಮರ್.

ಇನ್ನು ಹೊಟ್ಟೆ. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ಲೆಕ್ಕ ಹಾಕಿದ್ದಾರೆ, ಬಹುಪಾಲು ದೊಡ್ಡ ಕರುಳಿನಲ್ಲಿ. ನಾವು ಜೀರ್ಣಿಸಲಾಗದ ನಾರನ್ನು ತಿಂದು ಅವು ಬದುಕುತ್ತವೆ, ಬದಲಿಗೆ ಬ್ಯುಟಿರೇಟ್ ಮುಂತಾದ ಆಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಒಳಗೋಡೆಯ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಆಹಾರ. ನಾರು ಸಿಗದೆ ಇವು ಸೊರಗಿದರೆ ಗೋಡೆ ಸಡಿಲವಾಗಿ, ಬೇರೆ ಬ್ಯಾಕ್ಟೀರಿಯಾಗಳ ಮೈಯಿಂದ ಕಳಚಿದ ಕೆಟ್ಟ ವಸ್ತುಗಳು ರಕ್ತಕ್ಕೆ ನುಗ್ಗಬಹುದು. ಮೈಯೊಳಗೆ ಕಾಣದ ಉರಿಯೂತ ಹೊತ್ತಿಕೊಳ್ಳಬಹುದು. ಇದಲ್ಲದೆ ಹೊಟ್ಟೆಯಿಂದ ಮೆದುಳಿಗೆ ವೇಗಸ್ ಎಂಬ ನರ ನೇರವಾಗಿ ಹೋಗುತ್ತದೆ. ಅದರ ಎಳೆಗಳಲ್ಲಿ ಹೆಚ್ಚಿನವು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ.

ಯೂನಾನಿ ಓದಿದವರಿಗೆ ಇದು ತೀರ ಹೊಸ ಮಾತಲ್ಲ. ಒಂದು ಅಂಗದ ತೊಂದರೆ ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದನ್ನು ನಮ್ಮ ಹಕೀಮರು ಶಿರ್ಕತ್ ಎಂದು ಕರೆದರು. ಮಿಅದಾ ಕೆಟ್ಟು ಬರುವ ತಲೆನೋವಿಗೆ ಸುದಾ ಶಿರ್ಕೀ ಎಂಬ ಹೆಸರೇ ಇದೆ. ಮಲಬದ್ಧತೆಯನ್ನು ಎಲ್ಲ ಕಾಯಿಲೆಗಳ ತಾಯಿ ಎನ್ನುವ ರೂಢಿಯೂ ಇದೆ. ಮರೆವಿಗೆ ನಿಸ್ಯಾನ್ ಎಂದು ಹೆಸರಿಟ್ಟು ಮೆದುಳಿನ ತಂಪು ಹೆಚ್ಚಾಗುವುದರಿಂದ ಬರುತ್ತದೆಂದು ಬರೆದರು. ಹಾಗೆಂದು ಅವರಿಗೆ ಅಲ್ಝೈಮರ್ ಗೊತ್ತಿತ್ತು, ಬ್ಯಾಕ್ಟೀರಿಯಾ ಗೊತ್ತಿತ್ತು ಎಂದು ಹೆಮ್ಮೆಪಡುವುದು ನನಗೆ ಸರಿಕಾಣುವುದಿಲ್ಲ. ನಮ್ಮ ಮಾಜೂನ್‌ಗಳಲ್ಲಿ ಯಾವುದೂ ಅಲ್ಝೈಮರನ್ನು ವಾಸಿಮಾಡುತ್ತದೆಂದು ರುಜುವಾತಾಗಿಲ್ಲ. ಹಾಗೆ ಹೇಳಿ ಮಾರುವವರು ನನ್ನದೇ ಪದ್ಧತಿಯ ವೈದ್ಯರಾಗಿದ್ದರೂ ನಂಬಬೇಡಿ.

ಸಂಶೋಧನೆ ಏನು ಹೇಳುತ್ತದೆ? 2016ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಗ್ರಾಮ್ ಸಿಸೋಡಿಯಾ ಅವರ ತಂಡ ಅಲ್ಝೈಮರ್ ಬರುವಂತೆ ಬೆಳೆಸಿದ ಇಲಿಗಳಿಗೆ ಆಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾಗಳನ್ನು ಬದಲಿಸಿತು. ಮೆದುಳಿನ ಅಮಿಲಾಯ್ಡ್ ಕಡಿಮೆಯಾಯಿತು, ಅದೂ ಗಂಡು ಇಲಿಗಳಲ್ಲಿ ಮಾತ್ರ. 2017ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೋಗಿಗಳ ಮಲ ಪರೀಕ್ಷಿಸಿದಾಗ ಬ್ಯಾಕ್ಟೀರಿಯಾಗಳ ವೈವಿಧ್ಯ ಆರೋಗ್ಯವಂತರಿಗಿಂತ ಕಡಿಮೆ ಇತ್ತು. ಆದರೆ ಮರೆವು ಬಂದವರು ಊಟ ಬಿಡುತ್ತಾರೆ, ಓಡಾಟ ನಿಲ್ಲಿಸುತ್ತಾರೆ. ಕರುಳು ಬದಲಾದದ್ದು ಆ ಕಾರಣಕ್ಕೂ ಇರಬಹುದಲ್ಲವೇ? ಈ ಅನುಮಾನಕ್ಕೆ 2023ರಲ್ಲಿ ಸ್ವಲ್ಪ ಉತ್ತರ ಸಿಕ್ಕಿತು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮರೆವಿನ ಯಾವ ಲಕ್ಷಣವೂ ಇಲ್ಲದ 164 ಜನರನ್ನು ಪರೀಕ್ಷಿಸಿದರು. ಅವರಲ್ಲಿ 49 ಜನರ ಮೆದುಳಿನಲ್ಲಿ ಕಾಯಿಲೆ ಗುಟ್ಟಾಗಿ ಆರಂಭವಾಗಿತ್ತು, ಅವರ ಕರುಳಿನ ಬ್ಯಾಕ್ಟೀರಿಯಾಗಳೂ ಉಳಿದವರದಕ್ಕಿಂತ ಬೇರೆಯಾಗಿದ್ದವು. ಅದೇ ವರ್ಷ ಐರ್ಲೆಂಡಿನ ಕಾರ್ಕ್‌ನಲ್ಲಿ ಅಲ್ಝೈಮರ್ ರೋಗಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಎಳೆಯ, ಆರೋಗ್ಯವಂತ ಇಲಿಗಳಿಗೆ ಸೇರಿಸಿದಾಗ ಆ ಇಲಿಗಳ ನೆನಪಿನ ಶಕ್ತಿ ಕುಂದಿತು.

ಇಷ್ಟು ಕೇಳಿದರೆ ಡಬ್ಬಿಯವರ ಮಾತು ನಿಜವೆನಿಸುತ್ತದೆ. ಆದರೆ ಸೇಂಟ್ ಲೂಯಿಸ್‌ನದೇ ಇನ್ನೊಂದು ಪ್ರಯೋಗ ನೋಡಿ. ಬ್ಯಾಕ್ಟೀರಿಯಾವೇ ಇಲ್ಲದಂತೆ ಬೆಳೆಸಿದ, ಟೌ ಕಾಯಿಲೆಯ ಇಲಿಗಳ ಮೆದುಳು ಅಷ್ಟಾಗಿ ಸವೆಯಲಿಲ್ಲ. ಅವುಗಳಿಗೆ ನಾವು ಇಷ್ಟು ಹೊತ್ತು ಹೊಗಳಿದ ಬ್ಯುಟಿರೇಟ್ ಜಾತಿಯ ಆಮ್ಲಗಳನ್ನು ಕುಡಿಸಿದಾಗ ಮೆದುಳಿನ ಹಾನಿ ಮರುಕಳಿಸಿತು! ಅಂದರೆ ಒಳ್ಳೆಯದು, ಕೆಟ್ಟದ್ದು ಎಂದು ವಿಂಗಡಿಸಿ ಡಬ್ಬಿಗೆ ತುಂಬುವಷ್ಟು ಸರಳವಾಗಿಲ್ಲ ಈ ವಿಷಯ. ಕಡಲ ಪಾಚಿಯಿಂದ ತೆಗೆದ, ಕರುಳಿನ ಮೂಲಕ ಕೆಲಸಮಾಡುತ್ತದೆಂದು ಹೇಳಿದ ಔಷಧವೊಂದಕ್ಕೆ ಚೀನಾ 2019ರಲ್ಲಿ ಷರತ್ತಿನ ಅನುಮತಿ ಕೊಟ್ಟಿತ್ತು. ಹಲವು ದೇಶಗಳಲ್ಲಿ ಹಮ್ಮಿಕೊಂಡ ಅದರ ದೊಡ್ಡ ಪ್ರಯೋಗ 2022ರಲ್ಲಿ ಅರ್ಧಕ್ಕೇ ನಿಂತಿತು.

ಇಲಿಗೆ ಆಂಟಿಬಯೋಟಿಕ್ ಒಳ್ಳೆಯದಾಯಿತೆಂದು ನೀವು ಮೆಡಿಕಲ್ ಶಾಪಿನಿಂದ ಕೊಂಡು ನುಂಗಬೇಡಿ ಎಂದು ಬೇರೆಯಾಗಿ ಹೇಳಬೇಕಿಲ್ಲ ಅಂದುಕೊಂಡಿದ್ದೆ. ಕಳೆದ ವಾರ ಒಬ್ಬರು ಕೇಳಿಯೇಬಿಟ್ಟರು.

ಬಾಯಿಯೂ ಕರುಳಿನ ಹೆಬ್ಬಾಗಿಲೇ. ವಸಡು ಕೊಳೆಸುವ ಬ್ಯಾಕ್ಟೀರಿಯಾದ ಕುರುಹು ಅಲ್ಝೈಮರ್ ರೋಗಿಗಳ ಮೆದುಳಿನಲ್ಲಿ ಸಿಕ್ಕಿದೆಯೆಂದು 2019ರಲ್ಲಿ ವರದಿಯಾಯಿತು. ಅದರ ವಿರುದ್ಧ ತಯಾರಾದ ಔಷಧ 2021ರಲ್ಲಿ ಸೋತಿತು. ಆದರೂ ವಸಡಿನಲ್ಲಿ ರಕ್ತ ಬರುತ್ತಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಹಲ್ಲುಪುಡಿಗೆ ಹೆಸರಾದ ಊರು ನಮ್ಮದು, ಮಿಸ್ವಾಕ್ ಬಳಸುವ ಸಮುದಾಯವೂ ನಮ್ಮದು. ಹೀಗಿದ್ದೂ ಹಲ್ಲಿಗೆ ನಶ್ಯ ಉಜ್ಜುವ ಅಜ್ಜಿಯರನ್ನು ವಾರಕ್ಕಿಬ್ಬರನ್ನಾದರೂ ನೋಡುತ್ತೇನೆ.

ಹಾಗಾದರೆ ಊಟದ ವಿಷಯವೇ ಬೇಡವೇ? ಬೇಕು, ಔಷಧವೆಂದಲ್ಲ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ, ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ನಮ್ಮ ಹಿರಿಯರು ಮುದ್ದೆ, ಉಪ್ಸಾರು, ಹುರಳಿಕಾಳು, ಕೀರೆಸೊಪ್ಪು ತಿಂದರು. ಈಗ ಬೆಳಿಗ್ಗೆ ಚಹಾಕ್ಕೆ ಬನ್ನು, ರಾತ್ರಿ ಪರೋಟ, ಶುಕ್ರವಾರ ಬಿರಿಯಾನಿ. ಬಿರಿಯಾನಿ ಬಿಡಿ ಎಂದರೆ ನನ್ನ ಮಾತನ್ನು ಯಾರೂ ಕೇಳುವುದಿಲ್ಲ. ಜೊತೆಗೆ ಒಂದು ತಟ್ಟೆ ಸೌತೆಕಾಯಿ, ಈರುಳ್ಳಿ, ಮೊಸರು ಇರಲಿ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹತ್ತು ವಾರ ಮೊಸರಿನಂಥ ಹುಳಿಬಂದ ಆಹಾರ ತಿಂದವರ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಾಗಿ, ಉರಿಯೂತದ ಗುರುತುಗಳು ಇಳಿದವು. ಅದು ಆರೋಗ್ಯವಂತರ ಮೇಲಿನ ಸಣ್ಣ ಅಧ್ಯಯನ, ಮರೆವಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಆದರೂ ಮನೆಯ ಮಜ್ಜಿಗೆಗೆ ಡಬ್ಬಿಯ ಬೆಲೆ ಇಲ್ಲವಲ್ಲ. ನಂಜನಗೂಡಿನ ರಸಬಾಳೆ ಸಿಕ್ಕಿದರೆ ತಿನ್ನಿ, ಸಕ್ಕರೆ ಕಾಯಿಲೆಯವರು ಲೆಕ್ಕವಿಟ್ಟು ತಿನ್ನಿ. ಬಾಳೆಕಾಯಿ ಪಲ್ಯದಲ್ಲಿ ಬ್ಯಾಕ್ಟೀರಿಯಾಗಳಿಗೆ ಬೇಕಾದ, ಬೇಗ ಜೀರ್ಣವಾಗದ ಪಿಷ್ಟ ಹೆಚ್ಚು.

ಮರೆವನ್ನು ದೂರವಿಡುವ ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾದ ಪುರಾವೆ ಇರುವುದು ಬೇರೆ ಕಡೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ 14 ಕಾರಣಗಳನ್ನು ಪಟ್ಟಿಮಾಡಿತು. ಅವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಶೇಕಡ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಲೆಕ್ಕ. ಬಿಪಿ, ಸಕ್ಕರೆ, ಕೊಬ್ಬು, ಬೀಡಿ ಸಿಗರೇಟು, ನಡಿಗೆ ಇಲ್ಲದಿರುವುದು, ಖಿನ್ನತೆ, ಒಂಟಿತನ, ಕಿವಿ ಕೇಳದಿರುವುದು, ಕಣ್ಣು ಮಂಜಾಗಿರುವುದು, ಚಿಕ್ಕಂದಿನಲ್ಲಿ ಶಾಲೆಗೆ ಹೋಗದಿರುವುದು ಎಲ್ಲವೂ ಅದರಲ್ಲಿವೆ. ಕರುಳಿನ ಬ್ಯಾಕ್ಟೀರಿಯಾ ಆ ಪಟ್ಟಿಯಲ್ಲಿ ಇನ್ನೂ ಇಲ್ಲ. ಅಜ್ಜನ ಪೊರೆಯ ಆಪರೇಷನ್ ಮುಂದೂಡುತ್ತಾ ಪುಡಿ ತರಿಸುವವರು ಇದನ್ನು ಗಮನಿಸಬೇಕು.

ನಮ್ಮ ರಾಜ್ಯದಲ್ಲೇ ಇದರ ಅಧ್ಯಯನ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ನೆನಪು, ರಕ್ತ, ಮೆದುಳನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದಾರೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವುದು ಗುರಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಂದರೆ ನಾವು ಮಿಷನ್ ಆಸ್ಪತ್ರೆ ಎನ್ನುವುದು, ಅಲ್ಲಿ 1934ರಿಂದ 1966ರವರೆಗೆ ಹುಟ್ಟಿದವರ ತೂಕ, ಅಳತೆಗಳ ಹಳೆಯ ದಾಖಲೆಗಳಿವೆ. ಆ ಮಕ್ಕಳನ್ನು ವಯಸ್ಸಾದ ಮೇಲೆ ಹುಡುಕಿ ಅವರ ಬುದ್ಧಿಶಕ್ತಿಯನ್ನು ಪರೀಕ್ಷಿಸಿದ್ದಾರೆ.

ಈಗ ನರಸೀಪುರದ ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಎರಡನೆಯ ಸಲ ಬಂದಾಗ ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ಸೊಸೆ ಚೀಲದಿಂದ ಮೂರು ಬಗೆ ತೆಗೆದರು. ಬಿಪಿಗೆ ಒಂದು, ಸಕ್ಕರೆಗೆ ಮೆಟ್‌ಫಾರ್ಮಿನ್, ಇನ್ನೊಂದು ಮೈ ತುರಿಕೆಗೆಂದು ಎರಡು ವರ್ಷದಿಂದ ಚೀಟಿಯಿಲ್ಲದೆ ಕೊಂಡು ನುಂಗುತ್ತಿದ್ದ ಹಳದಿ ಮಾತ್ರೆ, ಕ್ಲೋರ್‌ಫೆನಿರಮಿನ್. ಅದರಿಂದ ಒಳ್ಳೆಯ ನಿದ್ದೆ ಬರುತ್ತದೆಂದು ದಿನಾ ಎರಡು.

ಕರುಳು ಚಲಿಸುವುದಕ್ಕೂ ಮೆದುಳು ನೆನಪಿಡುವುದಕ್ಕೂ ಅಸಿಟೈಲ್‌ಕೋಲಿನ್ ಎಂಬ ಒಂದೇ ರಾಸಾಯನಿಕ ಬೇಕು. ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಮಾತ್ರೆ ಅದನ್ನೇ ಹೆಚ್ಚಿಸುತ್ತದೆ. ಹಳೆಯ ಕಾಲದ ಅಲರ್ಜಿ ಮಾತ್ರೆಗಳು, ಮೂತ್ರ ತಡೆಯಲು ಕೊಡುವ ಕೆಲವು ಮಾತ್ರೆಗಳು, ಅಮಿಟ್ರಿಪ್ಟಿಲಿನ್ ಮುಂತಾದವು ಅದನ್ನು ತಡೆಯುತ್ತವೆ. ವಯಸ್ಸಾದವರಲ್ಲಿ ಹೊಟ್ಟೆ ಕಟ್ಟುತ್ತದೆ, ತಲೆ ಮಂಕಾಗುತ್ತದೆ. ಅಮೆರಿಕದಲ್ಲಿ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿ, ಮೂರು ದಿನಕ್ಕೊಮ್ಮೆ ಅಥವಾ ಅದಕ್ಕಿಂತ ಅಪರೂಪಕ್ಕೆ ಮಲವಿಸರ್ಜನೆ ಆಗುವವರಲ್ಲಿ ಬುದ್ಧಿ ಮಂಕಾದ ದೂರು ಹೆಚ್ಚು ಎಂದು 2023ರಲ್ಲಿ ಹೇಳಿದ್ದರು. ಮಲಬದ್ಧತೆಯೇ ಕಾರಣವೋ, ಎರಡಕ್ಕೂ ಬೇರೊಂದು ಕಾರಣವೋ ಎಂಬುದನ್ನು ಅಂಥ ಲೆಕ್ಕ ಹೇಳಲಾರದು. ಈ ತಾಯಿಯ ಮಟ್ಟಿಗೆ ಒಂದು ಕಾರಣ ಸೊಸೆಯ ಚೀಲದಲ್ಲೇ ಇತ್ತು.

ಆ ಮಾತ್ರೆ ನಿಲ್ಲಿಸಿದೆ. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಮಾತ್ರ ಇದನ್ನು ಓದಿ ನೀವಾಗಿಯೇ ನಿಲ್ಲಿಸಬೇಡಿ, ಬರೆದವರನ್ನು ಕೇಳಿ. ಬಿ12 ಮತ್ತು ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿದೆ, ಯಾಕೆಂದರೆ ಇವೆರಡರ ಕೊರತೆಯೂ ಮರೆವು ತರುತ್ತದೆ, ಇವು ಸರಿಪಡಿಸಬಹುದಾದವು. ಮೆಟ್‌ಫಾರ್ಮಿನ್ ಮತ್ತು ಗ್ಯಾಸ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಇಳಿಯುತ್ತದೆ. ಅವರಲ್ಲೂ ಬಹಳ ಇಳಿದಿತ್ತು. ಇಂಜೆಕ್ಷನ್ ಕೊಡಿಸಿ, ಮೈಸೂರಿನ ನರರೋಗ ತಜ್ಞರಿಗೆ ಪತ್ರ ಬರೆದು ಕಳಿಸಿದೆ.

ಆರು ವಾರದಲ್ಲಿ ಹೊಟ್ಟೆ ತಾನಾಗಿ ಸರಿಯಾಯಿತು. ಮಾತು ಚುರುಕಾಯಿತು, ಹಗಲು ತೂಗುವುದು ನಿಂತಿತು. ಎಲ್ಲವೂ ಹೋಗಲಿಲ್ಲ. ಸ್ಕ್ಯಾನ್ ಮತ್ತು ನೆನಪಿನ ಪರೀಕ್ಷೆ ಮಾಡಿದ ತಜ್ಞರು ಅಲ್ಝೈಮರ್‌ನ ಮೊದಲ ಹಂತವೂ ಇದೆ ಎಂದು ಹೇಳಿ ಔಷಧ ಶುರುಮಾಡಿದ್ದಾರೆ. ಮೂರನೆಯ ಡಬ್ಬಿ ತರಿಸಲಿಲ್ಲ ಎಂದು ಮಗ ಹೇಳಿದರು. ಗ್ಯಾಸ್ ಒಲೆಯ ಹತ್ತಿರ ಈಗ ಯಾರಾದರೂ ಇರುತ್ತಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಐದು ಮನೆಗಳನ್ನು ಗೀಚಿ, ಅಜ್ಜಿ ನಮಾಜು ಮುಗಿಸಿದೊಡನೆ ಮೊಮ್ಮಗಳು ಗುರುತು ಹಾಕುತ್ತಾಳಂತೆ. "ಝುಹರ್ ಆಯಿತಾ?" ಎಂದು ಅವರು ಕೇಳಿದರೆ ಯಾರೂ ಗದರುವುದಿಲ್ಲ, ಕ್ಯಾಲೆಂಡರ್ ತೋರಿಸುತ್ತಾರೆ.