ಕಾರವಾರದ ಸಮುದ್ರ ಕಲಿಸಿದ ಪಾಠ



ದೀಪಾವಳಿ ರಜೆಯಲ್ಲಿ ಅಪ್ಪ ಮತ್ತು ಅವರ ಹಳೇ ಗೆಳೆಯರು, ಒಟ್ಟು ಮೂರು ಮನೆಯವರು ಕೂಡಿ ಕುಷ್ಟಗಿಯಿಂದ ಕಾರವಾರಕ್ಕೆ ಹೋಗಿದ್ದೆವು. ಅಲ್ಲಿ ಕಾಳಿ ನದಿಯು ಅರಬ್ಬಿ ಸಮುದ್ರ ಸೇರುತ್ತದೆ. ನಮ್ಮ ತುಂಗಭದ್ರೆ ಹಾಗಲ್ಲ, ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಮುಂಜಾನೆ ನಾವು ಆಡಿದ ಉಸುಕು ಮಧ್ಯಾಹ್ನ ನೀರೊಳಗೆ ಮುಳುಗಿತ್ತು. "ಯಾಕ್ರಿ ಕಾಕಾ, ಸಮುದ್ರ ಮುಂದ ಬಂತು?" ಎಂದು ಕೇಳಿದೆ. "ಇದಕ್ಕ ಉಬ್ಬರ ಅಂತಾರವ್ವಾ, ಚಂದ್ರಾಮ ನೀರು ಎಳೀತಾನ" ಅಂದ್ರು.

ಉಬ್ಬರವಿಳಿತ: ಚಂದ್ರ ಮತ್ತು ಸೂರ್ಯರ ಗುರುತ್ವಾಕರ್ಷಣೆಯೇ ಇದಕ್ಕೆ ಕಾರಣ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಸಲ ನೀರು ಏರಿ, ಎರಡು ಸಲ ಇಳಿಯುತ್ತದೆ. ಉಬ್ಬರದ ಹೊತ್ತು ದಿನಾ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ನೀರು ಹೆಚ್ಚು ಏರುತ್ತದೆ.

ಸೆಳೆತ: ದಡಕ್ಕೆ ಬಂದ ಅಲೆಯ ನೀರು ಕೆಲವು ಕಡೆ ಒಂದೇ ಹಾದಿ ಹಿಡಿದು ಜೋರಾಗಿ ಒಳಗೆ ಹೋಗುತ್ತದೆ. ಅಲ್ಲಿ ಅಲೆ ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. ಅದೇ ಮೋಸ! ಕಾಲುವೆಯಲ್ಲಿ ಕಲಿತ ಈಜು ಅಲ್ಲಿ ಸಾಲದು. ಸಿಕ್ಕಿಕೊಂಡರೆ ಸೆಳೆತಕ್ಕೆ ಎದುರಾಗಿ ಈಜಬಾರದು. ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕೂಗಬೇಕು. ಈಜು ಬರುವವರು ದಡದ ಉದ್ದಕ್ಕೆ, ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು.

2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲೂಕಿನ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಅವರೂ ನಮ್ಮಂತೆ ಬಯಲುಸೀಮೆಯ ಮಕ್ಕಳೇ. ಮುಂದೆ ನಾವೂ ಪ್ರವಾಸಕ್ಕೆ ಹೋಗುವವರು. ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯಬಾರದು. ಜೀವರಕ್ಷಕರು "ಬ್ಯಾಡ" ಅಂದ್ರೆ ದಂಡೆಯಲ್ಲೇ ನಿಂತು ನೋಡೋಣ. ದಂಡೆಯಿಂದ ನೋಡಿದರೂ ಸಮುದ್ರ ಅಷ್ಟೇ ದೊಡ್ಡದು, ಅಷ್ಟೇ ಚಂದ.