ಪಾಜ್ ಹಾಕುವ ಮುನ್ನ

ಜರ್ಮನಿಗೆ ಎಂ.ಎಸ್. ಓದಲು ಬಂದಿದ್ದೀಯ, ಜೊತೆಗೆ ವರ್ಕ್‌ಸ್ಟುಡೆಂಟ್ ಕೆಲಸವೂ ಸಿಕ್ಕಿದೆ. ಸಂತೋಷ. ಮೊದಲ ವಾರವೇ ಯಾರೋ ಒಂದು ಸಿಎಸ್‌ವಿ ಫೈಲು ಕೊಟ್ಟು, ಪೈಥಾನ್‌ನಲ್ಲಿ ಲೆಕ್ಕ ತೆಗಿ ಅನ್ನುತ್ತಾರೆ. ಸ್ಕ್ರಿಪ್ಟ್ ಬರೆದು ಡಬಲ್ ಕ್ಲಿಕ್ ಮಾಡುತ್ತೀಯ. ಕಪ್ಪು ಕಿಟಕಿ ತೆರೆದುಕೊಂಡು, ಏನೋ ಬರೆದು, ಓದುವಷ್ಟರಲ್ಲಿ ಮಾಯ.

ಗಾಬರಿ ಬೀಳಬೇಡ. ಆ ಕಿಟಕಿಯನ್ನು ವಿಂಡೋಸ್ ತೆರೆದದ್ದೇ ನಿನ್ನ ಸ್ಕ್ರಿಪ್ಟಿಗೋಸ್ಕರ; ಸ್ಕ್ರಿಪ್ಟ್ ಮುಗಿಯಿತು, ಅದೂ ಹೊರಟಿತು. ಕೊನೆಯ ಸಾಲಿನಲ್ಲಿ ಇನ್‌ಪುಟ್ ಹಾಕು, ಬ್ಯಾಚ್ ಫೈಲಾದರೆ ಪಾಜ್ ಹಾಕು ಅಂತ ಗೆಳೆಯರು ಹೇಳುತ್ತಾರೆ. ಹಾಕಿದರೆ ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಪೈಥಾನ್ ಸ್ಕ್ರಿಪ್ಟ್ ಆ ಇನ್‌ಪುಟ್ ಸಾಲಿನವರೆಗೆ ಬಂದರೆ ತಾನೇ? ಈ ದೇಶದಲ್ಲಿ ದಶಾಂಶಕ್ಕೆ ಚುಕ್ಕಿಯಿಲ್ಲ, ಅಲ್ಪವಿರಾಮ. 3.14 ಇಲ್ಲಿ 3,14. ಅದನ್ನು ಹಾಗೇ ಫ್ಲೋಟ್‌ಗೆ ಕೊಟ್ಟೆಯೋ, ಪೈಥಾನ್ ವ್ಯಾಲ್ಯೂ ಎರರ್ ಅಂತ ನಡುದಾರಿಯಲ್ಲೇ ಕೈಚೆಲ್ಲುತ್ತದೆ. ಎಲ್ಲ ಸರಿಯಿದ್ದ ದಿನ ಕಾದು ನಿಲ್ಲುವ ಕಿಟಕಿ, ಎಡವಟ್ಟಾದ ದಿನ ಮಾತ್ರ ಕೈಕೊಡುತ್ತದೆ.

ಅದಕ್ಕೇ ಹೇಳುವುದು, ಕಿಟಕಿ ನಿನ್ನದಾಗಿರಲಿ. ಸ್ಕ್ರಿಪ್ಟ್ ಇರುವ ಫೋಲ್ಡರಿನ ವಿಳಾಸಪಟ್ಟಿಯಲ್ಲಿ ಸಿಎಂಡಿ ಅಂತ ಬರೆದು ಎಂಟರ್ ಒತ್ತು. ಅಲ್ಲಿಂದ ಸ್ಕ್ರಿಪ್ಟ್ ಓಡಿಸು. ಬಿದ್ದರೂ ಗೆದ್ದರೂ ಬರೆದದ್ದು ಕಣ್ಣೆದುರೇ ಉಳಿಯುತ್ತದೆ, ಎಷ್ಟನೇ ಸಾಲಿನಲ್ಲಿ ಬಿತ್ತು ಅನ್ನುವುದು ಸಮೇತ.

ನಿಲ್ಲಿಸಿಕೊಳ್ಳುವ ಆಸೆ ತಪ್ಪಲ್ಲ ಮತ್ತೆ. ಅದಕ್ಕೆ ಕಂಪ್ಯೂಟರಿನಷ್ಟೇ ವಯಸ್ಸು. ಜರ್ಮನ್ ಎಂಜಿನಿಯರ್ ಕೊನ್ರಾಡ್ ತ್ಸೂಸೆ 1941ರ ಮೇ 12ರಂದು ಬರ್ಲಿನ್‌ನಲ್ಲಿ ತೋರಿಸಿದ ಝಡ್ 3 ಎಂಬ ಕಂಪ್ಯೂಟರಿಗೆ ಗೊತ್ತಿದ್ದದ್ದು ಒಂಬತ್ತೇ ಆಜ್ಞೆ. ಅದರಲ್ಲೊಂದು, ಉತ್ತರವನ್ನು ದೀಪಗಳಲ್ಲಿ ತೋರಿಸಿ ಯಂತ್ರವನ್ನು ನಿಲ್ಲಿಸುವುದು. ಎದುರಿಗಿದ್ದವರು ಅದನ್ನು ಬರೆದುಕೊಂಡು ಗುಂಡಿ ಒತ್ತಿದ ಮೇಲೇ ಮುಂದಿನ ಕೆಲಸ. ಮೂಲ ಯಂತ್ರ ಯುದ್ಧದ ಬಾಂಬಿಗೆ ಹೋಯಿತು. ಮರುನಿರ್ಮಿಸಿದ್ದು ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಬಳಿ ಇದೆ. ಆದರೆ ಆ ಯಂತ್ರದ ಮುಂದೆ ಯಾವಾಗಲೂ ಒಬ್ಬರು ಕೂತಿರುತ್ತಿದ್ದರು.

ನಿನ್ನ ಸ್ಕ್ರಿಪ್ಟಿನ ಮುಂದೆ ಎಷ್ಟು ದಿನ ಕೂರುತ್ತೀಯ? ಚೆನ್ನಾಗಿ ಓಡಿತು ಅಂದರೆ, ಇದನ್ನು ರಾತ್ರಿ ತಾನಾಗಿಯೇ ಓಡುವ ಹಾಗೆ ಟಾಸ್ಕ್ ಷೆಡ್ಯೂಲರಿಗೆ ಹಾಕು ಅನ್ನುತ್ತಾರೆ. ಮರೆತು ಬಿಟ್ಟ ಪಾಜ್ ಅಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಕೀಲಿ ಒತ್ತಿ ಅಂತ ಕೇಳಿಕೊಂಡು ಕೂತುಬಿಡಬಹುದು. ನೀನಾಗಿ ಬದಲಿಸದಿದ್ದರೆ ಷೆಡ್ಯೂಲರ್ ಮೂರು ದಿನದವರೆಗೆ ತಾಳ್ಮೆಯಿಂದ ಕಾಯುತ್ತದೆ. ಹಳೆಯದು ಮುಗಿಯದೆ ಹೊಸದನ್ನು ಶುರುಮಾಡುವುದೂ ಇಲ್ಲ. ಅಷ್ಟು ದಿನವೂ ಬೆಳಗ್ಗೆ ವರದಿ ಬರದಿದ್ದರೆ ಹುಡುಕಿಕೊಂಡು ಬರುವುದು ನಿನ್ನನ್ನೇ.

ರಾತ್ರಿಯ ಕೆಲಸಕ್ಕೆ ಕಿಟಕಿ ಬೇಡ, ಲಾಗ್ ಫೈಲು ಸಾಕು. ಬ್ಯಾಚ್ ಫೈಲಿನಲ್ಲಿ ಆಜ್ಞೆಯ ಕೊನೆಗೆ > ಗುರುತು ಹಾಕಿ ಫೈಲಿನ ಹೆಸರು ಕೊಡು; ಆ ಹೆಸರಿನ ನಂತರ 2>&1 ಬರೆದರೆ ದೋಷದ ಸಂದೇಶಗಳೂ ಅದೇ ಫೈಲಿಗೆ ಬೀಳುತ್ತವೆ. ಲಾಗಿನಲ್ಲಿ ಕನ್ನಡ ಬರೆಯುವ ಹುಮ್ಮಸ್ಸಿದ್ದರೆ ಮಾತ್ರ ಒಂದು ಎಚ್ಚರಿಕೆ. ಕಿಟಕಿಯಲ್ಲಿ ತೊಂದರೆ ಕೊಡದ ಅದೇ ಸಾಲು, ಫೈಲಿಗೆ ತಿರುಗಿಸಿದಾಗ ಎಡವುತ್ತದೆ. ಇಲ್ಲಿನ ವಿಂಡೋಸ್ ಫೈಲಿಗೆ ಬಳಸುವ 1252 ಎಂಬ ಹಳೆಯ ಅಕ್ಷರಪಟ್ಟಿಯಲ್ಲಿ ಜರ್ಮನ್ನರ ಉಮ್‌ಲೌಟ್‌ಗೆ ಜಾಗವಿದೆ, ನಮ್ಮ ಅಕಾರಕ್ಕಿಲ್ಲ. ಪೈಥಾನನ್ನು ಯುಟಿಎಫ್-8 ಮೋಡ್‌ನಲ್ಲಿ ಓಡಿಸು, ಬರೆಯುತ್ತದೆ.